ಎರಡನೆಯ ಪಿಟೀಲಿನ ಹಾಳೆ

ನಾನು ಚಿಕ್ಕವಳಿದ್ದಾಗ, ಸಿನಿಮಾ ವಾದ್ಯವೃಂದದಲ್ಲಿ ನುಡಿಸುತ್ತಿದ್ದ ಅಪ್ಪ ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ಆ ವಾಸನೆ ಇನ್ನೂ ನೆನಪಿದೆ. ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಗಂಗಾವತಿಯಲ್ಲಿ, ಪಕ್ಕದ ಮನೆಯ ಗುಲ್ಶನಳ ಕೋಣೆಯಲ್ಲಿ ಅದೇ ವಾಸನೆ ಬಂತು. ಅಲ್ಲಿ ಪಿಟೀಲು ಇರಲಿಲ್ಲ, ಬರೀ ಕಂಪ್ಯೂಟರ್ ಇತ್ತು.

ಗುಲ್ಶನ ಹಳೆಯ ಸಿನಿಮಾವೊಂದರ ಹಿನ್ನೆಲೆ ಸಂಗೀತದ ಸ್ವರಲಿಪಿ ಹುಡುಕಿ ತಂದು, ಮೊದಲೇ ಧ್ವನಿಮುದ್ರಿಸಿಟ್ಟ ವಾದ್ಯಗಳ ಒಂದೊಂದೇ ಸ್ವರ ಜೋಡಿಸಿ, ಇಡೀ ವಾದ್ಯವೃಂದವನ್ನು ಕಂಪ್ಯೂಟರಿನಲ್ಲೇ ಕಟ್ಟಿದ್ದಳು. ಸಂಜೆಯೊಳಗೆ ಅದನ್ನು ಒಂದು ಸ್ಟುಡಿಯೋಗೆ ಕಳಿಸಬೇಕಿತ್ತು; ಮೆಚ್ಚುಗೆಯಾದರೆ ಅಲ್ಲೇ ಕೆಲಸ. ಆದರೆ ಎರಡನೆಯ ಪಿಟೀಲಿನ ಕೊನೆಯ ಹಾಳೆ ಎಲ್ಲೂ ಸಿಕ್ಕಿರಲಿಲ್ಲ.

“ಅಷ್ಟು ಜಾಗಾ ಖಾಲಿ ಬಿಟ್ಟೀನ್ರಿ ಅಮ್ಮಾರ, ನಗಬ್ಯಾಡ್ರಿ,” ಎಂದು ನನ್ನ ಬೆನ್ನಿಗೆ ದಿಂಬಿಟ್ಟು, ಸಂಗೀತ ಹಚ್ಚಿದಳು.

ಖಾಲಿ ಜಾಗ ಬಂದಾಗ ಹಾಳೆ ಮಗುಚಿದ ಸದ್ದಾಯಿತು. ಯಾರೋ ಉಸಿರೆಳೆದುಕೊಂಡರು. ಆಮೇಲೆ ಪಿಟೀಲು ನುಡಿಯಿತು. ಪರದೆಯ ಮೇಲೆ ಅಲ್ಲಿ ಒಂದು ಸ್ವರವೂ ಇರಲಿಲ್ಲ. ಅಂಥ ಸೆಕೆಯಲ್ಲೂ ನನ್ನ ಪಾದಗಳು ತಣ್ಣಗಾದವು.

“ನೀವೇನರ ಒತ್ತಿದ್ರೇನ್ರಿ?”

“ನನಗ ಟಿವಿ ಹಚ್ಚಾಕೂ ಬರೂದಿಲ್ಲವ್ವ!”

ಇಬ್ಬರೂ ನಕ್ಕುಬಿಟ್ಟೆವು. ಅಷ್ಟು ಚೆನ್ನಾಗಿತ್ತು, ಹಾಗೇ ಕಳಿಸಿದಳು.

ಆಗ ಅವಳ ತಾಯಿ ಕಾಸೀಮಬೀ ರೊಟ್ಟಿ, ಪುಂಡಿಪಲ್ಯ ಬಡಿಸಿದ ತಟ್ಟೆಗಳನ್ನು ತಂದು ನಮ್ಮ ಮುಂದಿಟ್ಟಳು. ಇನ್ನೊಂದು ಅವಳ ಕೈಯಲ್ಲೇ ಉಳಿದಿತ್ತು.

“ಪಿಟೀಲಿನವ್ರು ಹಿತ್ತಲದಾಗ ಕೈ ತೊಳಕೊಳ್ಳಾಕತ್ತಾರ,” ಎಂದು ಮೆಲ್ಲಗೆ ಹೇಳಿ, ಅದನ್ನು ನನ್ನ ಕೈಗೆ ಕೊಟ್ಟಳು.