ಮಂಗಳವಾರದ ಜ್ವರ

ಇದು ನಡೆದ ಕಥೆ ಅಂದರೆ ತಪ್ಪಾದೀತು... ಓಡಿದ ಕಥೆ! ಆಣೆಗೂ ನಿಜ, ಕೇಳಿ.

"ಮುಟ್ಟಬೇಡಿ! ನನ್ನ ಸಿನಿಮಾ ಪೂರ್ತಿ ಅದರೊಳಗಿದೆ!"

ಅವಳು ಮನೆಯಲ್ಲೇ ಕೂತು ಕಾರ್ಟೂನ್ ಸಿನಿಮಾ ಮಾಡುವವಳು. ಅವನು, ಆಮೆಯಂತೆ ತೆವಳುತ್ತಿದ್ದ ಅವಳ ಕಂಪ್ಯೂಟರ್ ನೋಡಲು ಬಂದ ರಿಪೇರಿಯವನು. ಆ ಮೊದಲ ಮಂಗಳವಾರ, ಸ್ಕ್ರೂಡ್ರೈವರ್ ಹಿಡಿದಿದ್ದ ಅವನ ಕೈಯನ್ನು ಅವಳು ಗಬಕ್ಕನೆ ಹಿಡಿದುಬಿಟ್ಟಿದ್ದಳು.

"ಕೈ ಬಿಟ್ಟರೆ ಕೆಲಸ ಶುರು ಮಾಡ್ತೀನಿ ಮೇಡಂ," ಅಂದ ಮೆಲ್ಲಗೆ.

ಅಯ್ಯೋ! ಇನ್ನೂ ಹಿಡ್ಕೊಂಡೇ ಇದ್ದೀನಾ?

"ನಿಮ್ಮ ಪ್ರೊಸೆಸರ್‌ಗೆ ಇನ್ನೂ ಕಸುವಿದೆ. ಕಂಪನಿಯವರು ಇಟ್ಟ ವೇಗಕ್ಕಿಂತ ಒಂಚೂರು ಜೋರಾಗಿ ಓಡಿಸ್ತೀನಿ. ಓವರ್‌ಕ್ಲಾಕಿಂಗ್ ಅಂತಾರೆ. ಆಮೇಲೆ ಒಂದು ಗಂಟೆ ಕೂತು, ಬಿಸಿ ಎಷ್ಟು ಏರತ್ತೆ ಅಂತ ನೋಡಬೇಕು. ಹೆಚ್ಚುಕಮ್ಮಿ ಆದರೆ ಈ ಕೀ ಒತ್ತಿ... ಎಲ್ಲ ಮೊದಲಿನ ಹಾಗೆ!"

ಆ ಒಂದು ಗಂಟೆ! ಅವಳು ತನ್ನ ಕಾರ್ಟೂನ್ ಕಪ್ಪೆಯ ದನಿಯಲ್ಲಿ ಯೋಗಕ್ಷೇಮ ವಿಚಾರಿಸಿದಳು. ಅವನು ಹಳೇ ಫ್ಯಾನಿನ ಹಾಗೆ ಗೊರಗೊರ ಅಂತ ಉತ್ತರ ಕೊಟ್ಟ.

"ಎಷ್ಟು ಜನ ಬಂದಿದ್ದಾರೇ?" ಒಳಗಿಂದ ಅಜ್ಜಿ ಕೂಗಿದರು.

ಮುಂದಿನ ಮಂಗಳವಾರ ಕಂಪ್ಯೂಟರ್ ಮತ್ತೆ ಆಮೆ!

"ಸೆಟ್ಟಿಂಗ್ ಅಳಿಸಿಹೋಗಿದೆ. ಅದನ್ನ ನೆನಪಿಡೋ ಪುಟ್ಟ ಸೆಲ್ ಹಾಳಾಗಿರಬೇಕು." ಹೊಸ ಸೆಲ್ ಹಾಕಿದ. ಮತ್ತೊಂದು ಗಂಟೆ ಕೂತ.

ಅದರ ಮುಂದಿನ ಮಂಗಳವಾರವೂ ಅದೇ ಕಥೆ. ಇನ್ನೊಂದು ಸೆಲ್, ಇನ್ನೊಂದು ಗಂಟೆ.

"ಅಲ್ವೇ, ನಿನ್ನ ಪೆಟ್ಟಿಗೆಗೆ ಲೆಕ್ಕ ಹಾಕಿದ ಹಾಗೆ ಮಂಗಳವಾರವೇ ಜ್ವರ ಬರತ್ತಲ್ಲೇ!" ಅಜ್ಜಿ ಕಣ್ಣು ಕಿರಿದು ಮಾಡಿದರು.

ನಾಲ್ಕನೇ ಮಂಗಳವಾರ ಅವನ ಮುಖದಲ್ಲಿ ನಗುವಿರಲಿಲ್ಲ. ಬ್ಯಾಗನ್ನು ಹೆಗಲಿಂದ ಇಳಿಸಲೂ ಇಲ್ಲ.

"ಇದು ನನ್ನ ಕೈಲಾಗಲ್ಲ ಮೇಡಂ. ಇನ್ನು ಬೇರೆಯವರನ್ನ ಕಳಿಸ್ತೀನಿ. ಹತ್ತು ವರ್ಷದ ಕೆಲಸ... ನನಗೇನೂ ಬರಲ್ಲ ಅನ್ನಿಸಿಬಿಟ್ಟಿದೆ."

ಅವಳು ಬಾಗಿಲಿಗೆ ಅಡ್ಡ ಬಂದಳು. ಹೇಳಿದರೆ ಮೋಸಗಾತಿ ಅಂತಾನೆ. ಹೇಳದಿದ್ದರೆ... ತಾನೇ ದಡ್ಡ ಅಂದ್ಕೊಂಡು ಹೋಗೇಬಿಡ್ತಾನೆ!

"ನಿಲ್ಲಿ! ನೀವು... ನೀವೇ ಒಂದು ಕೀ ತೋರಿಸಿದ್ರಲ್ಲ..."

"ಒತ್ತಿದ್ರಾ?"

"ಪ್ರತಿ ಸೋಮವಾರ."

"ನಿಮ್ಮ ಸಿನಿಮಾ ಕೆಲಸ ನಿಧಾನ ಆಗಲ್ವಾ? ಯಾಕೆ?"

"ಆದರೆ ಆಗಲಿ... ನೀವು ಇನ್ನೊಂದು ಗಂಟೆ ಕೂತಿರಲಿ ಅಂತ."

ಅವನು ಅವಳನ್ನೇ ನೋಡಿದ. ಕಂಪ್ಯೂಟರಿನಿಂದ ತೆಗೆದಿದ್ದ ಎರಡು ಹಳೇ ಸೆಲ್‌ಗಳನ್ನು ಜೇಬಿನಿಂದ ಅಂಗೈಗೆ ಸುರಿದುಕೊಂಡ.

"ಪಾಪ... ಇವರದ್ದೇನೂ ತಪ್ಪಿಲ್ವಾ?"

"ಇಲ್ಲ. ನಿಮ್ಮದೂ ಇಲ್ಲ. ಕ್ಷಮಿಸಿ..."

ಅವನು ಬ್ಯಾಗ್ ಇಳಿಸಿದ. ಸ್ಕ್ರೂಡ್ರೈವರ್ ತೆಗೆದು, ಕೀಬೋರ್ಡಿನಿಂದ ಆ ಒಂದು ಕೀಯನ್ನು ಟಕ್ಕನೆ ಕಿತ್ತು ಜೇಬಿಗಿಳಿಸಿದ!

"ಇದರ ಕೆಲಸ ಮುಗೀತು. ಇನ್ಮೇಲೆ ಕಂಪ್ಯೂಟರ್ ಚೆನ್ನಾಗಿದ್ದರೂ ಮಂಗಳವಾರ ಬರ್ತೀನಿ."

"ಸುಮ್ಮನೇನಾ?" ಅಂದಳು ಅವಳು.

"ಸುಮ್ಮನೆ ಅಲ್ಲ... ನಿಮಗೋಸ್ಕರ."

ಒಳಗಿಂದ ಥೇಟ್ ಅವನದೇ ದನಿಯಲ್ಲಿ ಅಜ್ಜಿ ಕೂಗಿದರು: "ಮಂಗಳವಾರವೇ ಯಾಕೆ ಮೇಡಂ, ಮಿಕ್ಕ ದಿನಗಳ ಸೆಲ್ಲೂ ಹಾಳಾಗಿದೆಯಾ?"

ಅವಳು ನಾಚಿಕೊಂಡು ನಕ್ಕಳು. ಅಜ್ಜಿ ಕೆಮ್ಮುತ್ತಾ ನಕ್ಕರು. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕವನು ಮಾತ್ರ... ಬೇಸ್ತುಬಿದ್ದವನೇ!