ಅಜ್ಜಿಯ ಮೆಷಿನ್ ಮೇಲಿನ ತೂತು

ಅಮ್ಮ ಕೆಲಸದ ಚೀಲವನ್ನು ನೆಲದ ಮೇಲೆ ಸುರಿದಿದ್ದೇ ತಡ, ಚೂಟಿ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಇದು ತಗೋ ಅಮ್ಮ, ಇದೇ," ಎಂದು ಡ್ರಿಲ್ ಮೆಷಿನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ಚೂಟಿ ಎನ್ನುವುದು ಮನೆಯವರಿಟ್ಟ ಹೆಸರು. ಇನ್ನೊಂದು ಹೆಸರಿತ್ತು, ಅದು ಸ್ಕೂಲಿನ ಹಾಜರಿಗಷ್ಟೇ. ಕಾಲು ಒಂದು ಕಡೆ ನಿಲ್ಲದ, ಬಾಯಂತೂ ಎಲ್ಲೂ ನಿಲ್ಲದ ಹುಡುಗಿಯನ್ನು ಬೇರೆ ಏನೆಂದು ಕರೆಯುವುದು?

ಅವಳ ಅಮ್ಮ ಎಲೆಕ್ಟ್ರಿಷಿಯನ್. ಕಂಡವರ ಮನೆಗೆಲ್ಲ ದೀಪ ಹಾಕಿ ಬರುವ ಅಮ್ಮನಿಗೆ ತನ್ನದೇ ಮನೆಯ ಮುಂದಿನ ಕೋಣೆಗೆ ಪುರುಸೊತ್ತು ಸಿಕ್ಕಿರಲಿಲ್ಲ. ಆ ಕೋಣೆಯಲ್ಲಿ ಅಜ್ಜಿ ಬಟ್ಟೆ ಹೊಲಿಯುತ್ತಿದ್ದರು. ಇದ್ದದ್ದು ಒಂದೇ ಬಲ್ಬು, ಅದೂ ಬೆನ್ನ ಹಿಂದೆ. ಅಜ್ಜಿ ಬಗ್ಗಿದರೆ ಅವರ ನೆರಳೇ ಸೂಜಿಯ ಮೇಲೆ ಬೀಳುತ್ತಿತ್ತು. "ದೀಪದ ಬುಡದಲ್ಲಿ ಕತ್ತಲೆ ಅನ್ನೋ ಗಾದೆ ನಮ್ಮ ಮನೆ ನೋಡಿಯೇ ಹುಟ್ಟಿರಬೇಕು," ಎಂದು ಸೊಸೆಯನ್ನು ರೇಗಿಸುತ್ತಿದ್ದರು. ಆದರೆ ಮೊನ್ನೆ ಸೂಜಿ ಬೆರಳಿಗೇ ಹೊಕ್ಕಿತು. ಆಮೇಲೆ ಅಜ್ಜಿ ರೇಗಿಸಲಿಲ್ಲ, ಅಮ್ಮ ನಗಲೂ ಇಲ್ಲ.

ಹಾಗಾಗಿ ಕೋಣೆಗೆ ಜಿಪ್ಸಮ್ ಬೋರ್ಡಿನ ಹೊಸ ಸೀಲಿಂಗ್ ಬಂದಿತ್ತು. ಅದರಲ್ಲಿ ದುಂಡಗೆ ತೂತು ಕೊರೆದು, ತಟ್ಟೆಯಂಥ ನಾಲ್ಕು ದೀಪಗಳನ್ನು ಒಳಗೆ ಕೂರಿಸಬೇಕು. ಮೊದಲನೆಯದು ಹೊಲಿಗೆ ಮೆಷಿನ್ನಿನ ನೆತ್ತಿಗೆ ಸರಿಯಾಗಿ.

ಕೊರೆಯಲು ಅಮ್ಮನ ಹತ್ತಿರ ಎರಡು ಸಾಮಾನಿದ್ದವು. ಒಂದು ಚೂಪು ಮೂತಿಯ ಕೈಗರಗಸ. ಇನ್ನೊಂದು ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ. ಅದರಲ್ಲಿ ಬೇರೆ ಬೇರೆ ಅಳತೆಯವು, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ.

"ಕೈಗರಗಸ ಆಮೆ ಅಮ್ಮ. ಇದಾದ್ರೆ ಗುರ್ ಅಂದ್ರೆ ಮುಗೀತು," ಎಂದಳು ಚೂಟಿ.

"ಗುರ್ ಅನ್ನೋಕೆ ಮೊದಲು ಅಳತೆ ಸರಿ ಇರಬೇಕು. ತೂತು ಚಿಕ್ಕದಾದ್ರೆ ದೊಡ್ಡದು ಮಾಡಬಹುದು. ದೊಡ್ಡದಾದ್ರೆ ಮುಗೀತು ಕತೆ."

ದೀಪದ ಡಬ್ಬದ ಮೇಲೆ ತೂತಿನ ಅಳತೆ ಬರೆದಿರುತ್ತದೆ. ಆದರೆ ಇವು ಅಲ್ಲಿ ಇಲ್ಲಿ ಕೆಲಸ ಮಾಡಿ ಉಳಿದ ದೀಪಗಳು, ಡಬ್ಬ ಯಾವಾಗಲೋ ಕಸಕ್ಕೆ ಹೋಗಿತ್ತು. ಅದಕ್ಕೇ ಅಮ್ಮ ಚೂಟಿಯ ಕೈಗೆ ಒಂದು ದೀಪ, ಒಂದು ರಟ್ಟು, ಕತ್ತರಿ ಕೊಟ್ಟಳು. ರಟ್ಟಿನಲ್ಲಿ ತೂತು ಮಾಡಿ, ದೀಪ ಅದರಲ್ಲಿ ಕೂರುತ್ತದೋ ನೋಡಿ ತರಬೇಕು. ರಟ್ಟಿನಲ್ಲಿ ಕೂರದೆ ಸೀಲಿಂಗಿಗೆ ಕೈ ಹಾಕುವುದಿಲ್ಲ ಎನ್ನುವುದು ಅಮ್ಮನ ಪದ್ಧತಿ. ಯಾರ ಮನೆಯಾದರೂ ಅಷ್ಟೇ.

ಚೂಟಿ ದೀಪವನ್ನು ರಟ್ಟಿನ ಮೇಲೆ ಮುಖ ಅಡಿಯಾಗಿ ಇಟ್ಟು, ಸುತ್ತಲೂ ಪೆನ್ಸಿಲ್ ಎಳೆದು, ನಾಲಿಗೆ ಕಚ್ಚಿಕೊಂಡು ಕತ್ತರಿಸಿದಳು. ತೂತು ಚಂದ್ರನ ಹಾಗೆ ಬಂತು. ಇನ್ನು ದೀಪ ಕೂರಿಸಿ ನೋಡುವುದೊಂದು ಬಾಕಿ. ಅಷ್ಟರಲ್ಲಿ ಬೀದಿಯಲ್ಲಿ ಸೈಕಲ್ ಬೆಲ್ ಕೇಳಿತು. ಪಕ್ಕದ ಮನೆಯ ಅವಳಿ ಮಕ್ಕಳು ಹೊಸ ಸೈಕಲ್ಲಿನಲ್ಲಿ ಚೂಟಿಗೂ ಒಂದು ರೌಂಡ್ ಕೊಡುತ್ತೇವೆ ಎಂದಿದ್ದರು.

ಅಮ್ಮ ಏಣಿಯ ಮೇಲಿದ್ದಳು. ಸೀಲಿಂಗಿನಲ್ಲಿ ಸಣ್ಣ ತೂತು ಕೊರೆದು, ಬಗ್ಗಿಸಿದ ತಂತಿಯನ್ನು ಒಳಗೆ ತೂರಿಸಿ, ಬೋರ್ಡು ಹಿಡಿದ ಕಬ್ಬಿಣದ ಪಟ್ಟಿ ಅಡ್ಡ ಇದೆಯೇ ಎಂದು ತಿರುಗಿಸಿ ನೋಡುತ್ತಿದ್ದಳು. ಚೂಟಿ ರಟ್ಟನ್ನು ಮೇಲಕ್ಕೆ ಚಾಚಿದಳು.

"ದೀಪ ಕೂರಿಸಿ ನೋಡಿದ್ಯಾ?"

"ಹೂಂ ಅಮ್ಮ. ಟೈಟಾಗಿ ಕೂತಿತು."

ಟೈಟಾಗಿ ಎನ್ನುವ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಮರುಗಳಿಗೆ ಅವಳು ಬೀದಿಯಲ್ಲಿದ್ದಳು.

ಅರ್ಧ ರೌಂಡೂ ಆಗಿರಲಿಲ್ಲ, ಮನೆಯೊಳಗಿಂದ ಗುರ್ ಎಂಬ ಸದ್ದು ಬಂತು. ಅದನ್ನು ನೋಡದೆ ಇರಲಾದೀತೇ? ಸೈಕಲ್ಲನ್ನು ಅವಳಿ ಮಕ್ಕಳಿಗೆ ಒಪ್ಪಿಸಿ ಓಡಿ ಬಂದಳು. ಅಮ್ಮನ ತಲೆಯೆಲ್ಲ ಬಿಳಿ ಪುಡಿ. ಅಜ್ಜಿ ತಮ್ಮ ಮೆಷಿನ್ನಿಗೆ ಹಳೇ ಚಾದರ ಹೊದಿಸಿ, ಕಾವಲಿನವರ ಹಾಗೆ ಪಕ್ಕದಲ್ಲಿ ನಿಂತಿದ್ದರು. ಸೀಲಿಂಗಿನಲ್ಲಿ ದುಂಡಗಿನ ತೂತು ಬಾಯಿ ತೆರೆದಿತ್ತು.

ಅಮ್ಮ ದೀಪದ ತಂತಿ ಜೋಡಿಸಿ, ಪಕ್ಕದ ಸ್ಪ್ರಿಂಗುಗಳನ್ನು ಮಡಚಿ ಮೇಲಕ್ಕೆ ಒತ್ತಿದಳು. ದೀಪ ಅಂಚಿನಲ್ಲಿ ನಿಲ್ಲಲಿಲ್ಲ. ಪೂರ್ತಿ ಒಳಗೆ ಹೋಯಿತು. ಕೈ ಬಿಟ್ಟರೆ ತಂತಿಯಲ್ಲಿ ಜೋತು ಕೆಳಗೆ ಬಂತು.

ಅಮ್ಮ ಇಳಿದು ಬಂದು, ನೆಲದ ಮೇಲೆ ಕೂತು ರಟ್ಟನ್ನು ಎತ್ತಿಕೊಂಡಳು. ಇನ್ನೊಂದು ದೀಪವನ್ನು ಅದರ ತೂತಿಗೆ ಇಟ್ಟಳು. ಅದು ನೇರ ಅವಳ ಮಡಿಲಿಗೆ ಬಿತ್ತು. ಆಗ ಚೂಟಿಗೂ ಕಂಡಿತು. ದೀಪದ ಅಗಲವಾದ ಅಂಚು ಹೊರಗೆ ನಿಲ್ಲಬೇಕು, ಒಳಗೆ ಹೋಗಬೇಕಾದದ್ದು ಅದರ ಹಿಂದಿನ ಸಣ್ಣ ಕತ್ತು. ಅವಳು ಗೆರೆ ಎಳೆದದ್ದು ಅಂಚಿನ ಸುತ್ತ.

"ಏನಮ್ಮಾ ಇದು?" ಎಂದರು ಅಜ್ಜಿ. "ಅವಸರ ಬೇಡ ಅಂತ ಮಗುವಿಗೆ ಬುದ್ಧಿ ಹೇಳ್ತೀಯ. ನೀನು ಮಾಡಿದ್ದೇನು?"

"ತಪ್ಪಾಯ್ತು ಅತ್ತೆ. ನಾನೇ ನೋಡಬೇಕಿತ್ತು."

ಚೂಟಿಗೆ ಹೋದ ಜೀವ ಬಂದ ಹಾಗಾಯಿತು. ಅಮ್ಮ ಅವಳ ಹೆಸರು ಎತ್ತಲಿಲ್ಲ. ಆದರೆ ಆ ಸಮಾಧಾನ ಗಳಿಗೆಯೂ ಉಳಿಯಲಿಲ್ಲ. ಅಮ್ಮ ಬಗ್ಗಿ ನೆಲದ ಪುಡಿ ಗುಡಿಸುತ್ತಿದ್ದಳು. ಅಜ್ಜಿ ಇನ್ನೂ ಗೊಣಗುತ್ತಿದ್ದರು, ಬೈಗುಳವೆಲ್ಲ ಅಮ್ಮನ ಬಗ್ಗಿದ ಬೆನ್ನಿಗೇ ಬೀಳುತ್ತಿತ್ತು. ನೋಡುತ್ತಾ ನಿಲ್ಲುವುದು ಚೂಟಿಗೆ ಆಗಲಿಲ್ಲ.

"ಅಜ್ಜಿ, ಅದು ನಾನು," ಎಂದಳು. "ಕೂರಿಸಿ ನೋಡಿರಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದೆ."

ಅಜ್ಜಿ ಸೊಸೆಯ ಮುಖ ನೋಡಿದರು, ಮೊಮ್ಮಗಳ ಮುಖ ನೋಡಿದರು. ಚಾದರದ ಮೇಲಿನ ಪುಡಿ ಕೊಡವತೊಡಗಿದರು.

ಅಮ್ಮ ಪೊರಕೆ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಬೇರೆ ಯಾರು ಹೇಳಿದ್ರೂ ಇನ್ನೊಂದು ಸಲ ನಾನೇ ನೋಡ್ತಿದ್ದೆ ಕಣೆ," ಎಂದಳು. "ನೀನು ಹೇಳಿದೆ ಅಂತ ನೋಡಲಿಲ್ಲ."

ಚೂಟಿ ಅತ್ತಳು. ಯಾರೂ ಬೇಡ ಅನ್ನಲಿಲ್ಲ.

ಆ ತೂತಿಗೆ ಇನ್ನು ದೊಡ್ಡ ದೀಪವೇ ಬೇಕು, ಅಂಗಡಿಯಲ್ಲಿ ಹೇಳಿ ತರಿಸಬೇಕು ಎಂದಳು ಅಮ್ಮ. ಅಂದರೆ ಅಜ್ಜಿಗೆ ಬೆಳಕು ಬೇಕಾದ ಜಾಗದಲ್ಲೇ ಸದ್ಯಕ್ಕೆ ಬೆಳಕಿಲ್ಲ. "ಇಷ್ಟು ದಿನ ಕಾದಿಲ್ವಾ, ಇನ್ನು ನಾಲ್ಕು ದಿನ," ಎಂದರು ಅಜ್ಜಿ. ಹಾಗೆ ಅನ್ನುವಾಗ ಬಟ್ಟೆ ಸುತ್ತಿದ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

ಉಳಿದ ಮೂರು ತೂತಿಗೆ ಅಮ್ಮ ಕೈಗರಗಸ ಎತ್ತಿಕೊಂಡಳು. ದೀಪದ ಕತ್ತಿನ ಅಳತೆಗೆ ಸರಿಹೊಂದುವ ದುಂಡು ಗರಗಸ ಇರಲಿಲ್ಲ. ಒಂದು ಸಣ್ಣದು, ಇನ್ನೊಂದು ದೊಡ್ಡದು. ಆಮೆಯೇ ಗತಿ. ಮೂರೂ ದೀಪ ಒಂದೇ ಅಳತೆ ಅನ್ನುವ ಧೈರ್ಯವೂ ಅವಳಿಗಿರಲಿಲ್ಲ, ಒಂದೊಂದಕ್ಕೂ ಬೇರೆ ರಟ್ಟು ಬೇಕು. ರಟ್ಟು, ಕತ್ತರಿ ಎರಡನ್ನೂ ಅಮ್ಮ ಮತ್ತೆ ಚೂಟಿಯ ಕೈಗೇ ಕೊಟ್ಟಳು.

ಚೂಟಿ ಈ ಸಲ ಕತ್ತಿನ ಸುತ್ತ ಗೆರೆ ಎಳೆದಳು. ಗೆರೆಗಿಂತ ಒಳಗೇ ಕತ್ತರಿಸಿದಳು. ಸಾಲದೆ ಬಂದಾಗ ಚೂರು ಚೂರೇ ಸವರಿದಳು. ದೀಪ ಕೂತಿತು. ಬೋರಲು ಹಾಕಿದರೂ ಬೀಳಲಿಲ್ಲ. ಬೀದಿಯಲ್ಲಿ ಬೆಲ್ ಎರಡು ಸಲ ಕೇಳಿತು, ಆಮೇಲೆ ಕೇಳಲಿಲ್ಲ.

ಅಮ್ಮ ರಟ್ಟನ್ನು ಇಸಿದುಕೊಂಡು ದೀಪ ತೆಗೆದಳು. ಮತ್ತೆ ತಾನೇ ಕೂರಿಸಿದಳು, ಅಲ್ಲಾಡಿಸಿ ನೋಡಿದಳು. ಆಮೇಲಷ್ಟೇ ಏಣಿ ಹತ್ತಿದಳು.

ಚೂಟಿಗೆ ಚುಳ್ ಎಂದಿತು. ನನ್ನ ಮೇಲೆ ನಂಬಿಕೆ ಇಲ್ವಾ ಎಂಬ ಮಾತು ತುಟಿಯವರೆಗೆ ಬಂತು. ಮೇಲಿನ ಖಾಲಿ ತೂತು ಕಂಡಿತು. ಮಾತು ನುಂಗಿಕೊಂಡು ಏಣಿ ಹಿಡಿದು ನಿಂತಳು. ಎರಡನೆಯ ರಟ್ಟನ್ನೂ ಅಮ್ಮ ಹಾಗೆಯೇ ನೋಡಿದಳು.

ಮೂರನೆಯದನ್ನು ಚೂಟಿ ಎರಡು ಸಲ ಕೂರಿಸಿದಳು. ಆಮೇಲೆ ದೀಪವನ್ನು ರಟ್ಟಿನಿಂದ ತಾನೇ ಬಿಡಿಸಿ, ಎರಡನ್ನೂ ಬೇರೆ ಬೇರೆಯಾಗಿ ಅಮ್ಮನ ಮುಂದೆ ಹಿಡಿದಳು.

"ನೀನೂ ಒಂದ್ಸಲ ನೋಡಮ್ಮ," ಎಂದಳು.