ಹಡಗೇರಿದ ಮಾವನ ಟ್ರಾನ್ಸ್‌ಮಿಟರು

ಮಾವ ತೀರಿಕೊಂಡ ಮೇಲೆ ಅವರ ಹಳೆಯ ರೇಡಿಯೋ ಟ್ರಾನ್ಸ್‌ಮಿಟರನ್ನು ಹೊರದೇಶದವನೊಬ್ಬ ಕೊಂಡ. ತೊಂಬತ್ತು ಕಿಲೋ ಭಾರ. ನಾನೂ ಭಾಮೈದನೂ ಯಂತ್ರಕ್ಕೆ ಜೀವ ಕೊಡುವ ಗಾಜಿನ ವಾಲ್ವುಗಳನ್ನೆಲ್ಲ ಬಿಚ್ಚಿ ಬೇರೆ ಕಟ್ಟಿ, ಯಂತ್ರವನ್ನು ಮರದ ಪೆಟ್ಟಿಗೆಗಿಳಿಸಿ ಮೊಳೆ ಹೊಡೆದೆವು. ಮರುದಿನ ಮಧ್ಯಾಹ್ನ ಬಂದರಿಗೆ ಸಾಗಿಸಲೆಂದು ಎತ್ತಹೋದರೆ ಪೆಟ್ಟಿಗೆಯ ಒಂದು ಮಗ್ಗುಲು ಜ್ವರ ಬಂದ ಮೈಯಂತೆ ಬೆಚ್ಚಗಿತ್ತು.

"ಬಿಸಿಲಿಗೆ ಕಾದಿರ್ಬೇಕು ಬಿಡಿ ಭಾವ," ಅಂದ ಭಾಮೈದ.

ಆ ಕೋಣೆಗೆ ಕಿಟಕಿಯೇ ಇಲ್ಲ.

ಎರಡು ತಿಂಗಳಿಗೆ ಕೊಂಡವನ ಪತ್ರ ಬಂತು. ಪೆಟ್ಟಿಗೆ ಬಂದಿದೆ, ಇನ್ನೂ ತೆರೆದಿಲ್ಲ, ಒಳಗಿಂದ ಕೇಳಿಸುವ ಮಾತಿಗೆ ಅರ್ಥವೇನು ಎಂದು ಕೇಳಿದ್ದ. ನಮ್ಮ ಭಾಷೆ ಬಾರದ ಆತ ಕಿವಿಗೆ ಬಿದ್ದದ್ದನ್ನು ಹಾಗೆಯೇ ತನ್ನ ಲಿಪಿಯಲ್ಲಿ ಗೀಚಿದ್ದ: "ಇನ್ನೂ ಎಷ್ಟು ದೂರ?"

ಹೆಂಡತಿಗೆ ಓದಿ ಹೇಳಿದೆ.

"ಬಂದಾಯ್ತು ಅಪ್ಪ ಅಂತ ಹೇಳೋಕೆ ಅಲ್ಲಿ ಯಾರಿದ್ದಾರೆ ರೀ?" ಅಂದಳು.